ಕಥೆಗೆ ಅಂದ ಹೂಂ

ಮೊನ್ನೆ ಸಂಜೆ ಫೋನಿನಲ್ಲಿ ಸಣ್ಣ ಮೊಮ್ಮಗನಿಗೆ ಕಥೆ ಹೇಳುತ್ತಿದ್ದೆ. ನರಿ ಬಾವಿಯ ಹತ್ತಿರ ಬಂದಿತ್ತು, ಇನ್ನೇನು ಇಣುಕಬೇಕು, ಅಷ್ಟರಲ್ಲಿ ಆ ಕಡೆಯ ಸದ್ದು ನಿಂತಿತು. ನಾನೂ ನಿಂತೆ. ಫೋನಿನ ಗಾಜಿನಲ್ಲಿ ಅವನ ಬಾಯಿ ಆಡುತ್ತಿದೆ, ದನಿ ಮಾತ್ರ ಇಲ್ಲ. ಯಾವುದೋ ಗುಂಡಿ ಒತ್ತಿಬಿಟ್ಟಿದ್ದನಂತೆ. ನನ್ನ ಮಾತು ಅವನಿಗೆ ಕೇಳಿಸುತ್ತಲೇ ಇತ್ತು, ಬೇಕಾದರೆ ಮುಂದೆ ಹೇಳಬಹುದಿತ್ತು. ನನ್ನಿಂದ ಆಗಲಿಲ್ಲ. ಕೇಳುವವರು ಹೂಂ ಅನ್ನದಿದ್ದರೆ ನನ್ನ ನಾಲಿಗೆ ಎತ್ತು ಮಲಗಿದ ಬಂಡಿಯ ಹಾಗೆ. ನರಿಯನ್ನು ಬಾವಿಕಟ್ಟೆಯ ಮೇಲೇ ಬಿಟ್ಟು ಸುಮ್ಮನೆ ಕುಳಿತೆ.

ಪಕ್ಕದಲ್ಲಿದ್ದ ಹಿರಿಯ ಮೊಮ್ಮಗಳು ಸ್ನೇಹಾ ಬಿದ್ದು ಬಿದ್ದು ನಕ್ಕಳು. ನಕ್ಕು ಮುಗಿಸಿ ಒಂದು ಸುದ್ದಿ ಹೇಳಿದಳು. ಈ ಬೇಸಿಗೆ ರಜೆಯಲ್ಲಿ ಚರ್ಚಿನ ಮಕ್ಕಳ ತರಗತಿಯನ್ನು ಅವಳಿಗೆ ಒಪ್ಪಿಸಿದ್ದಾರಂತೆ. "ನೀ ಅಷ್ಟು ವರ್ಷ ನಡಿಸಿದಾಕಿ. ಹೆಂಗ ಮಾಡಬೇಕಂತ ಹೇಳಜ್ಜಿ" ಎಂದಳು. ಎದುರಿಗೆ ಕೂತು ಉಪದೇಶ ಮಾಡುವುದೆಂದರೆ ನನಗೆ ಇವತ್ತಿಗೂ ಬೆವರು. ಬರೆದು ಕೊಡುತ್ತೇನೆ ಎಂದೆ. ಅವಳ ನೆಪದಲ್ಲಿ ಮೊಮ್ಮಕ್ಕಳು ನೀವೆಲ್ಲರೂ ಓದಿಕೊಳ್ಳಿ. ಶಿರಗುಪ್ಪಿಯ ಸಾಲೆಯಲ್ಲಿ ಏಳನೆಯ ಇಯತ್ತೆಗೆ ನಿಂತ ಅಕ್ಷರ ಇದು, ತಪ್ಪಿದ್ದರೆ ತಿದ್ದಿಕೊಳ್ಳಿ. ಹೇಳಿದ್ದನ್ನು ಮಾತ್ರ ತಿದ್ದಬೇಡಿ.

ಹೂಂ ಅನ್ನುವುದರ ವಿಷಯ ಮೊದಲು ಹೇಳಿಬಿಡುತ್ತೇನೆ, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ನಮ್ಮೂರಲ್ಲಿ ನಮ್ಮಜ್ಜಿ ಕಥೆ ಹೇಳುವಾಗ ಸುತ್ತಲಿನ ಮನೆಗಳ ಮಕ್ಕಳೆಲ್ಲ ಕಟ್ಟೆಯ ಮೇಲೆ ಸೇರುತ್ತಿದ್ದರು. ನಮ್ಮ ಮನೆಯ ದೇವರು ಕ್ರಿಸ್ತ, ಉಳಿದವರ ಮನೆಯಲ್ಲಿ ಬಸವಣ್ಣ, ವೀರಭದ್ರ. ಕಥೆಗೆ ಆ ಭೇದ ಇರಲಿಲ್ಲ. ಇದ್ದದ್ದು ಒಂದೇ ಕಟ್ಟಳೆ: ಕೇಳುವವರಲ್ಲಿ ಒಬ್ಬರು ಪ್ರತಿ ಮಾತಿಗೂ ಹೂಂ ಅನ್ನಬೇಕು. ಹೂಂ ಅಂದರೆ ಒಪ್ಪಿದೆ ಎಂದಲ್ಲ, ನಂಬಿದೆ ಎಂದೂ ಅಲ್ಲ. ನಾನು ಎಚ್ಚರಿದ್ದೇನೆ, ನೀನು ಮುಂದೆ ಹೇಳು ಎಂದು. ಅಷ್ಟೇ. ಹೂಂ ನಿಂತಿತೋ, ಮಕ್ಕಳು ಮಲಗಿದರೆಂದು ಅಜ್ಜಿ ಕಥೆಯನ್ನು ಅಲ್ಲಿಗೇ ಕಟ್ಟಿಡುತ್ತಿದ್ದಳು.

ಮದುವೆಯಾಗಿ ಬೈರಿದೇವರಕೊಪ್ಪಕ್ಕೆ ಬಂದೆ. ಆಗ ಅಲ್ಲಿ ಈಗಿನಷ್ಟು ಮನೆಗಳಿರಲಿಲ್ಲ. ಚರ್ಚು ದೂರ. ಅದಕ್ಕೆ ನಮ್ಮ ಭಾಗದ ಮಕ್ಕಳಿಗೆಂದು ಕರುಣಾಬಾಯಿ ಟೀಚರು ನಮ್ಮ ಪಡಸಾಲೆಯಲ್ಲೇ ಭಾನುವಾರ ಮಧ್ಯಾಹ್ನ ಪಾಠ ನಡೆಸುತ್ತಿದ್ದರು. ಚಾಪೆ ಹಾಸುವುದು, ಕೊನೆಗೆ ಚುರಮುರಿ ಹಂಚುವುದು ನನ್ನ ಕೆಲಸ. ಮಗಳ ಬಾಣಂತನಕ್ಕೆಂದು ಧಾರವಾಡಕ್ಕೆ ಹೋದ ಟೀಚರು ಅಲ್ಲೇ ಉಳಿದುಬಿಟ್ಟರು. ಹೋಗುವಾಗ "ಬರೋತನಕ ನೋಡ್ಕೋ" ಎಂದಿದ್ದರು. ಹೀಗೆ ತರಗತಿ ನನ್ನ ಕೊರಳಿಗೆ ಬಿತ್ತು.

ಮೊದಲ ಭಾನುವಾರ ನಾನು ಮಕ್ಕಳ ಮುಖ ನೋಡಲಾರದೆ ಗೋಡೆಯ ಕಡೆ ತಿರುಗಿ ಕಥೆ ಹೇಳಿದೆ. ಒಳಗಿನಿಂದ ನೋಡುತ್ತಿದ್ದ ನಿಮ್ಮಜ್ಜ ಸಂಜೆ ಚಹಾ ಕುಡಿಯುತ್ತ ಕೇಳಿದರು: "ನೀ ಕಥಿ ಹೇಳಾಕತ್ತಿದ್ದೇನ, ಗ್ವಾಡಿಗಿ ಸುಣ್ಣ ಹಚ್ಚಾಕತ್ತಿದ್ದೇನ?" ಎರಡು ದಿನ ಅವರೊಂದಿಗೆ ಮಾತು ಬಿಟ್ಟಿದ್ದೆ. ಈಗ ಆ ಮಾತು ನೆನೆದು ಒಬ್ಬಳೇ ನಗುತ್ತೇನೆ. ಹಾಗೆ ಚುಚ್ಚಿ ಎಚ್ಚರಿಸುವವರು ಮನೆಯಲ್ಲಿ ಇಲ್ಲವಾದರೆ ಎಷ್ಟು ಖಾಲಿ ಎನ್ನುವುದು ಅವರು ಹೋದ ಮೇಲೆ ಗೊತ್ತಾಯಿತು.

ನನ್ನನ್ನು ಗೋಡೆಯಿಂದ ಈಚೆ ತಿರುಗಿಸಿದವಳು ಗಂಗಾ. ಪಕ್ಕದ ಮನೆಯ ನೀಲವ್ವನ ಮೊಮ್ಮಗಳು. ಅವರು ಲಿಂಗಾಯತರು, ಹತ್ತಿ ವ್ಯಾಪಾರದ ಮನೆ. ಗಂಗಾಳ ಕೊರಳಲ್ಲಿ ಲಿಂಗದ ಕರಡಿಗೆ, ಹಣೆಯಲ್ಲಿ ವಿಭೂತಿ. ಮುಂದಿನ ಭಾನುವಾರ ಕಥೆಯ ಸದ್ದು ಕೇಳಿ ಬಂದು ನಮ್ಮ ಹೊಸ್ತಿಲ ಮೇಲೆ ಕೂತವಳು, ನಾನು ಒಂದು ಮಾತು ಮುಗಿಸಿದ್ದೇ ತಡ, ಗಟ್ಟಿಯಾಗಿ ಹೂಂ ಅಂದಳು. ನನಗೆ ನಮ್ಮಜ್ಜಿಯ ಕಟ್ಟೆಯ ಮೇಲೆ ಕೂತ ಹಾಗಾಯಿತು. ತಿರುಗಿ ಅವಳ ಮುಖ ನೋಡಿಕೊಂಡೇ ಕಥೆ ಮುಗಿಸಿದೆ. ಚರ್ಚಿನ ಮಕ್ಕಳಿಗೆ ಸುಮ್ಮನಿರುವುದನ್ನು ಚೆನ್ನಾಗಿ ಕಲಿಸಲಾಗಿತ್ತು. ಹೂಂ ಅನ್ನುವುದನ್ನು ಅವರು ಗಂಗಾಳಿಂದ ಕಲಿಯುತ್ತ ಬಂದರು. ದೊಡ್ಡವರು ಎದುರಿಗಿದ್ದರೆ ಮಾತ್ರ ಅವರ ಬಾಯಿಗೆ ಹಳೆಯ ಬೀಗ.

ಆ ಸಂಜೆಯೇ ನೀಲವ್ವನ ಮನೆಗೆ ಹೋಗಿ, ಹುಡುಗಿ ನಮ್ಮಲ್ಲಿ ಬಂದಿದ್ದಳು, ಹೇಳುವುದು ಯೇಸುವಿನ ಕಥೆ, ಬರಲೋ ಬೇಡವೋ ಎಂದು ಕೇಳಿದೆ. "ಕಥಿ ಕೇಳಲಿ ತಂಗಿ, ಕಥಿ ಯಾರದಾದರೇನು. ಆದ್ರ ಹೋದಾಕಿ ಹೋದಂಗ ತಿರುಗಿ ಬರಬೇಕು" ಎಂದರು. ಹೂಂ ಎಂದೆ. ಅದು ಕಥೆಯ ಹೂಂ ಅಲ್ಲ, ಮಾತು ಕೊಟ್ಟ ಹೂಂ.

ಸ್ನೇಹಾ, ನೀನು ಕೇಳಿದ್ದಕ್ಕೆ ನಡುವೆ ಒಂದಿಷ್ಟು ಹೇಳುತ್ತೇನೆ. ಕುರ್ಚಿಯ ಮೇಲೆ ಕೂರಬೇಡ. ಚಾಪೆಯ ಮೇಲೆ ಕೂತವಳ ಕಥೆ ಮಕ್ಕಳ ಕಿವಿಯ ಮಟ್ಟಕ್ಕೇ ಇರುತ್ತದೆ. ಅತಿ ತಂಟೆ ಮಾಡುವವನ ಕೈಗೆ ಚುರಮುರಿಯ ಬುಟ್ಟಿ ಕೊಡು. ಹಂಚುವ ಗತ್ತಿನಲ್ಲಿ ಅವನು ತಂಟೆ ಮರೆಯುತ್ತಾನೆ, ಸ್ವಲ್ಪ ಹೆಚ್ಚು ತಾನೇ ತಿನ್ನುತ್ತಾನೆ, ತಿನ್ನಲಿ. ಮಕ್ಕಳಿಗೆ ಇನ್ನೂ ಬೇಕು ಅನ್ನಿಸುತ್ತಿರುವಾಗಲೇ ಕಥೆ ನಿಲ್ಲಿಸು. ಬಾಗಿಲು ತೆರೆದಿಡು. ಮತ್ತೊಬ್ಬ ದೊಡ್ಡವರು ಜೊತೆಗಿರಲಿ. ಬೀದಿಯಲ್ಲಿ ಹೋಗುವ ತಾಯಿ ನಿಂತು ಕೇಳಿದರೆ ನಿನ್ನ ಒಂದು ಮಾತೂ ತಗ್ಗಬಾರದು. ತಗ್ಗಿಸಬೇಕಾದ ಮಾತು ಮಕ್ಕಳಿಗೆ ಹೇಳುವ ಮಾತೇ ಅಲ್ಲ.

ಈ ಕೊನೆಯದನ್ನು ನಾನು ಯಾವ ತರಬೇತಿಯಲ್ಲೂ ಕಲಿಯಲಿಲ್ಲ. ಒಂದು ಬೇಸಿಗೆಯಲ್ಲಿ ಕಲಿತೆ.

ಆ ವರ್ಷ ರಜೆಯಲ್ಲಿ ವಾರವಿಡೀ ನಡೆದ ತರಗತಿಯ ಕೊನೆಯ ದಿನಕ್ಕೆ ಪರವೂರಿನ ಬೋಧಕರೊಬ್ಬರನ್ನು ಚರ್ಚಿನ ಹಿರಿಯರಾದ ಸಾಲೊಮನ್ ಕಾಕಾ ಕರೆದುಕೊಂಡು ಬಂದರು. ಶನಿವಾರದ ಮಧ್ಯಾಹ್ನ. ಮಕ್ಕಳು ಗೊಂಬೆಗಳ ಹಾಗೆ ಕೂತಿದ್ದರು. ಬೋಧಕರು ಕಳೆದುಹೋದ ಕುರಿಯ ಕಥೆ ಹೇಳಿದರು. ಸುಳ್ಳು ಯಾಕೆ, ನನಗಿಂತ ನೂರು ಪಾಲು ಚಂದ ಹೇಳಿದರು. ಮುಳ್ಳಿನ ಕಂಟಿಯಲ್ಲಿ ಕುರಿ ಸಿಕ್ಕಿಕೊಂಡಾಗ ನನಗೇ ಕಣ್ಣೀರು ಬಂತು. ಹೊಸ್ತಿಲಿನಿಂದ ಗಂಗಾ ಮಾತು ಮಾತಿಗೂ ಹೂಂ ಅನ್ನುತ್ತಿದ್ದಳು. ಕಥೆ ಮುಗಿಸಿ ಅವರು ಅದೇ ದನಿಯಲ್ಲಿ, ಕಣ್ಣು ಮುಚ್ಚಿಕೊಳ್ಳಿರಿ ಎಂದು ಹೇಳಿ, ಇವತ್ತಿನಿಂದ ಯೇಸುವಿನ ಮಂದೆಗೆ ಸೇರಲು ಯಾರು ಸಿದ್ಧರಿದ್ದೀರಿ ಎಂದು ಕೇಳಿದರು.

ನಮ್ಮ ಮಕ್ಕಳ್ಯಾರೂ ಉಸಿರೆತ್ತಲಿಲ್ಲ. ಹೊಸ್ತಿಲಿನಿಂದ ಒಂದೇ ದನಿ ಬಂತು: ಹೂಂ.

ಬೋಧಕರ ಮುಖ ಬೆಳಗಿತು. ಗಂಗಾಳನ್ನು ಹತ್ತಿರ ಕರೆದು ತಲೆಯ ಮೇಲೆ ಕೈಯಿಟ್ಟರು. ನಾಳೆ ಆರಾಧನೆಯಲ್ಲಿ ಇಡೀ ಸಭೆಯ ಮುಂದೆ ಈ ಮಗುವನ್ನು ನಿಲ್ಲಿಸೋಣ ಎಂದು ಕಾಕಾನಿಗೆ ಹೇಳಿದರು. ಕಾಕಾನೂ ತಲೆದೂಗಿದರು. ಗಂಗಾ ನನ್ನ ಕಡೆ ನೋಡುತ್ತ, ಕಥೆ ಇನ್ನೂ ಮುಗಿದಿಲ್ಲವೇನೋ ಎಂದುಕೊಂಡು, ಮತ್ತೊಮ್ಮೆ ಹೂಂ ಅಂದಳು.

ಆ ಹುಡುಗಿ ನಾಳೆ ಸಭೆಯ ಮುಂದೆ ನಿಂತರೆ, ನಾಡಿದ್ದು ನೀಲವ್ವನ ಮನೆಯ ಬಾಗಿಲು ನಮಗೆ ಮುಚ್ಚುತ್ತದೆ. ಓಣಿಯೂ ಮುಚ್ಚುತ್ತದೆ. ಅದಕ್ಕಿಂತ ಹೆಚ್ಚಾಗಿ, ತಾನು ಅನ್ನದ ಮಾತನ್ನು ಒಂದು ಕೂಸಿನ ಬಾಯಲ್ಲಿ ಇಟ್ಟ ಹಾಗಾಗುತ್ತದೆ. ಚಾಪೆಯಿಂದ ಎದ್ದು ನಿಂತೆ.

"ಅಯ್ಯಾರ, ಆಕಿ ಕಥಿಗಿ ಹೂಂ ಅಂದಾಳ್ರಿ" ಎಂದೆ.

ಕಾಕಾ ನನ್ನ ಕಡೆ ಕಣ್ಣು ಬಿಟ್ಟರು. "ಸುಮ್ನ ಕುಂದರವಾ. ಸಣ್ಣ ಕೂಸಿನ ಬಾಯಿಂದ ದೇವರು ಮಾತಾಡಾಕತ್ತಾನ, ನೀ ಅಡ್ಡ ಬರಬ್ಯಾಡ."

ಎಂದೂ ಎದುರು ಮಾತಾಡದವಳು ನಾನು. ಕಾಕಾನ ಮುಖ ನೋಡಿದ್ದರೆ ಕೂತೇ ಬಿಡುತ್ತಿದ್ದೆ. ಅದಕ್ಕೆ ಗಂಗಾಳ ಮುಖ ನೋಡಿದೆ. "ಗಂಗಾ, ಈಗ ಅಯ್ಯಾರು ನಿನ್ನ ಏನ್ ಕೇಳಿದ್ರವಾ?"

ಅವಳು ಕರಡಿಗೆಯನ್ನು ಬೆರಳಿನಿಂದ ತಿರುವುತ್ತ ಸ್ವಲ್ಪ ಯೋಚಿಸಿದಳು. "ಕುರಿ ತಿರುಗಿ ಮಂದ್ಯಾಗ ಸೇರತೈತೇನು ಅಂತ ಕೇಳಿದ್ರಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬೋಧಕರು ಅವಳ ತಲೆಯ ಮೇಲಿನ ಕೈಯನ್ನು ಮೆಲ್ಲಗೆ ತೆಗೆದರು. ಅವರು ಕೆಟ್ಟವರಲ್ಲ. ನಮ್ಮ ಕಡೆಯ ಹೂಂ ಅವರಿಗೆ ಗೊತ್ತಿರಲಿಲ್ಲ, ಅಷ್ಟೇ. "ಸೇರತದವ್ವ, ಸೇರತದ" ಎಂದು ಅವಳಿಗೆ ಹೇಳಿ, ಬಂದು ಕುರ್ಚಿಯ ಮೇಲೆ ಕೂತರು. ನಾನು ಅವರಿಗೆ ಚಹಾ ಇಡುವಂತೆ ನಿಮ್ಮಜ್ಜನಿಗೆ ಹೇಳಿ, ಗಂಗಾಳ ಕೈ ಹಿಡಿದು ಸೀದಾ ನೀಲವ್ವನ ಮನೆಗೆ ನಡೆದೆ. ಓಣಿಯ ಬಾಯಿಂದ ಕೇಳುವ ಮೊದಲು ನನ್ನ ಬಾಯಿಂದ ಕೇಳಲಿ ಎಂದು.

ನೀಲವ್ವ ರೊಟ್ಟಿ ಬಡಿಯುತ್ತಿದ್ದರು. ನಾನು ಒಂದನ್ನೂ ಬಿಡದೆ ಹೇಳಿದೆ. ಅವರು ಬಡಿಯುವುದನ್ನು ನಿಲ್ಲಿಸಲಿಲ್ಲ. ಹೆಂಚಿನ ಮೇಲಿನ ರೊಟ್ಟಿಗೆ ನೀರು ಸವರಿ, ತಿರುವಿ ಹಾಕಿ, ಆಮೇಲೆ ಹೇಳಿದರು: "ಹೂಂ ಅನ್ನೋದು ನಾನ ಕಲಿಸಿದ್ದು. ಖರೇ ಹೇಳಿದಿ, ಛಲೋ ಆತು. ಇನ್ನ ಸ್ವಲ್ಪ ದಿನ ಆಕಿನ್ನ ಕರೀಬ್ಯಾಡ ತಂಗಿ." ಸಿಟ್ಟು ಮಾಡಿದ್ದರೆ ಹಗುರಾಗುತ್ತಿತ್ತು. ಆ ಶಾಂತ ಮಾತನ್ನು ಹೊತ್ತುಕೊಂಡು ಮನೆಗೆ ಬಂದೆ.

ಚರ್ಚಿನಲ್ಲಿಯೂ ಮಾತು ಬೆಳೆಯಿತು. ಅತಿಥಿಯ ಎದುರು ಹೆಣ್ಣುಮಗಳು ಹಾಗೆ ಏಳಬಹುದೇ ಎಂದು ಕೆಲವರು. ಅವಳಿಗೆ ವಿಶ್ವಾಸವೇ ಕಡಿಮೆ ಎಂದು ಕೆಲವರು. ಕ್ಷಮೆ ಕೇಳಿದರೆ ತರಗತಿ ನಡೆಯಲಿ, ಇಲ್ಲವಾದರೆ ಬೇರೆಯವರು ನೋಡಿಕೊಳ್ಳಲಿ ಎಂದು ಕಾಕಾ ಹೇಳಿ ಕಳಿಸಿದರು. ಎತ್ತರದ ದನಿಯಲ್ಲಿ ಆಡಿದ್ದರೆ ಕ್ಷಮೆ ಕೇಳುತ್ತೇನೆ, ಆಡಿದ ಮಾತಿಗೆ ಕೇಳುವುದಿಲ್ಲ ಎಂದು ಹೇಳಿ ಕಳಿಸಿದೆ. ನನಗೆ ವಿಶ್ವಾಸ ಇರುವುದಕ್ಕೇ ಹಾಗೆ ಎದ್ದೆ. ಕುರಿಯನ್ನು ಹುಡುಕಿಕೊಂಡು ಹೋಗುವ ದೇವರಿಗೆ, ಹೊಸ್ತಿಲ ಮೇಲೆ ಕೂತ ಮಗುವಿನ ಹೂಂ ಯಾವುದು, ಒಪ್ಪಿಗೆ ಯಾವುದು ಎಂದು ಗೊತ್ತಾಗುವುದಿಲ್ಲವೇ? ಅವನಿಗಾಗಿ ನಾವು ಮೋಸದಿಂದ ಎಣಿಕೆ ತುಂಬಬೇಕೇ?

ಬೇರೆಯವರು ಯಾರೂ ಬರಲಿಲ್ಲ. ಹಿರಿಯರ ಅಂಜಿಕೆಗೆ ಹೆಚ್ಚಿನವರು ಮಕ್ಕಳನ್ನು ಕಳಿಸುವುದನ್ನೂ ಬಿಟ್ಟರು. ಭಾನುವಾರ ಚಾಪೆ ಹಾಸುತ್ತಿದ್ದೆ. ಬಂದಷ್ಟು ಮಕ್ಕಳಿಗೆ ಹೇಳುತ್ತಿದ್ದೆ. ಒಂದು ವಾರ ನಮ್ಮ ಮನೆಯ ಮಕ್ಕಳಷ್ಟೇ ಇದ್ದರು, ಸ್ನೇಹಾ, ನಿನ್ನ ಅಪ್ಪನೂ ಅತ್ತೆಯೂ. ಅವರಿಬ್ಬರೂ ಒಬ್ಬರನ್ನೊಬ್ಬರು ಚಿವುಟುತ್ತಿದ್ದರು. ಆದರೂ ಚಾಪೆ ಮಡಿಸಲಿಲ್ಲ. ಗೋಡೆಯ ಕಡೆಗೂ ತಿರುಗಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಭಾನುವಾರ ನೀಲವ್ವ ತಾವೇ ಬಂದರು, ಮೊರದ ತುಂಬ ಜೋಳ ತಂದಿದ್ದರು, ಹಿಂದೆ ಗಂಗಾ. ನಮ್ಮ ಕಟ್ಟೆಯ ಮೇಲೆ ಕೂತು ಜೋಳ ಹಸನು ಮಾಡತೊಡಗಿದರು. ನಾನು ಕಥೆ ಹೇಳುತ್ತ ಅವರ ಮೇಲೇ ಕಣ್ಣಿಟ್ಟು, ದಾರಿ ತಪ್ಪಿ ಒಂದು ಕಡೆ ತಡವರಿಸಿ ನಿಂತೆ. ಮೊರದಿಂದ ತಲೆ ಎತ್ತದೆಯೇ ಅವರು ಅಂದರು: "ಹೂಂ, ಮುಂದ?"

ನೀಲವ್ವನೇ ಬಂದು ಕೂತದ್ದನ್ನು ಓಣಿಯೆಲ್ಲ ನೋಡಿತು, ಅವತ್ತಿನಿಂದ ತರಗತಿ ಮತ್ತೆ ತುಂಬತೊಡಗಿತು. ಕೊನೆಗೆ ಕಾಕಾ ತಮ್ಮ ಮೊಮ್ಮಕ್ಕಳನ್ನೂ ಕಳಿಸಿದರು, ತಾವು ಮಾತ್ರ ಬಹಳ ದಿನ ಮುಖ ತಿರುವಿಕೊಂಡೇ ಹೋಗುತ್ತಿದ್ದರು. ಗಂಗಾ ದೊಡ್ಡವಳಾಗಿ, ಮದುವೆಯಾಗಿ ಹೋಗುವವರೆಗೂ ತನ್ನ ವಿಭೂತಿಯೊಂದಿಗೇ ಬಂದು, ಅದರೊಂದಿಗೇ ತಿರುಗಿ ಹೋದಳು. ನನ್ನ ಕಥೆಗಳಲ್ಲಿ ಏನನ್ನು ಒಯ್ದಳೋ ಅವಳಿಗೇ ಗೊತ್ತು. ಅದನ್ನು ಕೇಳುವುದು ನನ್ನ ಕೆಲಸವಲ್ಲ ಎಂದು ಕೇಳಲಿಲ್ಲ.

ಇಷ್ಟು ಬರೆದು, ನಿನ್ನೆ ಸ್ನೇಹಾಳ ಕೈಗೆ ಕೊಡೋಣವೆಂದು ಹೊರಗೆ ಬಂದೆ. ಅವಳು ಈ ಸಲ ಬರುವ ಮಕ್ಕಳ ಬಗ್ಗೆ ಯಾರೊಂದಿಗೋ ಮಾತಾಡುತ್ತಿದ್ದಳು. ಹೊಸ ಕಾಲೋನಿಯ ನಾಲ್ಕಾರು ಮಕ್ಕಳು, ನಮ್ಮವರಲ್ಲದವರು, ಆಟದ ಆಸೆಗೆ ತಾವೇ ಬರುತ್ತೇವೆ ಎಂದಿದ್ದಾರಂತೆ. ಅವರ ಮನೆಯಲ್ಲಿ ಕೇಳಿದೆಯಾ ಎಂದೆ. "ಅಪರಿಚಿತರ ಮನಿಗೆ ಹೋಗಿ ಹೆಂಗ ಕೇಳೋದಜ್ಜಿ? ನನಗ ನಾಚಿಕಿ ಆಗತೈತಿ."

ನನ್ನ ರಕ್ತವೇ ಎಂದುಕೊಂಡೆ. ಕಾಗದವನ್ನು ಆಗ ಅವಳ ಕೈಗೆ ಕೊಡಲಿಲ್ಲ. ಓದಿ ಕಲಿಯುವ ಮಾತಲ್ಲ ಇದು. ಶನಿವಾರ ಬೆಳಿಗ್ಗೆ ನನ್ನನ್ನು ರಿಕ್ಷಾದಲ್ಲಿ ಕರೆದುಕೊಂಡು ಹೋಗು ಎಂದೆ. ಮೊದಲ ಮನೆಯ ಕರೆಗಂಟೆ ನಾನು ಒತ್ತುತ್ತೇನೆ, ಮಾತನ್ನೂ ನಾನೇ ಆಡುತ್ತೇನೆ. ನಾವು ಯಾರು, ಏನು ಹೇಳುತ್ತೇವೆ, ಬೇಡವೆಂದರೆ ಬೇಡ ಎನ್ನುವುದನ್ನು ಅವರ ಮುಖ ನೋಡಿಯೇ ಹೇಳುತ್ತೇನೆ. ಎರಡನೆಯ ಮನೆ ನಿನ್ನದು.