ಅದೇ ಡಬ್ಬ, ಬೇರೆ ಪ್ರೊಸೆಸರ್

ಅವರ ಬಲಗೈ ತೋರುಬೆರಳಿಗೆ ತುದಿಯ ಗೆಣ್ಣು ಇರಲಿಲ್ಲ. ಕಾರ್ಖಾನೆಯ ಲೇತ್ ಯಂತ್ರ ತಿಂದುಹಾಕಿತ್ತು. ಆ ಮೊಂಡು ಬೆರಳಿನಿಂದಲೇ ಚೆಸ್ಸಿನ ಕುದುರೆಯನ್ನು ಮುಂದೆ ತಳ್ಳಿ, "ತಗೋ, ತಿನ್ಕೋ" ಎನ್ನುತ್ತಿದ್ದರು. ತಿಂದವರು ಏಳೆಂಟು ನಡೆ ಕಳೆದ ಮೇಲೆ ತಲೆ ಚಚ್ಚಿಕೊಳ್ಳುತ್ತಿದ್ದರು.

ಶೆಟ್ಟಿಹಳ್ಳಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಯಜಮಾನರು ಅವರು. ಕೆಳಗೆ ಮಗ, ಸೊಸೆಯ ಜೊತೆ ಇದ್ದರು. ನನಗೆ ತಾತ. ೨೦೧೦ರಲ್ಲಿ ಇಂಜಿನಿಯರಿಂಗ್ ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾನು ಚೆಸ್ ಆಡುವ ಪ್ರೋಗ್ರಾಂ ಬರೆದಾಗ, ಅದರ ಎದುರು ಕೂರಲು ಸಿಕ್ಕ ಒಳ್ಳೆಯ ಆಟಗಾರರೆಂದರೆ ಅವರೊಬ್ಬರೇ. ಭಾನುವಾರ ತಿಂಡಿ ಮುಗಿಸಿ ಮೆಟ್ಟಿಲು ಹತ್ತಿ ಬರುತ್ತಿದ್ದರು. ಮೌಸ್ ಮುಟ್ಟುತ್ತಿರಲಿಲ್ಲ. ತಮ್ಮ ಮರದ ಬೋರ್ಡಿನ ಮೇಲೆ ಕಾಯಿ ನಡೆಸುವರು, ನಾನು ಅದನ್ನು ಕಂಪ್ಯೂಟರಿಗೆ ಒಪ್ಪಿಸುವೆ. ಒಂದು ನಡೆಗೆ ಅರ್ಧ ನಿಮಿಷದ ಗಡುವು. ಅಷ್ಟರಲ್ಲಿ ನನ್ನ ಹಳೆಯ ಕಂಪ್ಯೂಟರಿಗೆ ಐದಾರು ನಡೆ ಮುಂದಿನದು ಮಾತ್ರ ಕಾಣುತ್ತಿತ್ತು. ಕುದುರೆ ತಿನ್ನುತ್ತಿತ್ತು, ಸೋಲುತ್ತಿತ್ತು.

"ಪಾಪ, ಮುಂಡೇದಕ್ಕೆ ಒಟ್ಟೆ ಅಸಿವು" ಎಂದು ನಗುತ್ತಿದ್ದರು.

ಸೋತೂ ಸೋತೂ ನನಗೆ ರೇಗಿಹೋಯಿತು. ಹೊಸ ಮದರ್‌ಬೋರ್ಡನ್ನೂ ಪ್ರೊಸೆಸರನ್ನೂ ತಂದು ಅದೇ ಹಳೆಯ ಡಬ್ಬದೊಳಗೆ ಕೂರಿಸಿದೆ. ಚೆಸ್ ಬೋರ್ಡಿನಲ್ಲಿ ಅರವತ್ತನಾಲ್ಕು ಮನೆ. ಹಳೆಯ ಪ್ರೊಸೆಸರ್ ಒಮ್ಮೆಗೆ ಮೂವತ್ತೆರಡರ ಲೆಕ್ಕವನ್ನಷ್ಟೇ ಹಿಡಿಯುತ್ತಿತ್ತು, ಹೊಸದು ಅರವತ್ತನಾಲ್ಕನ್ನೂ ಒಟ್ಟಿಗೇ ಹಿಡಿಯುತ್ತಿತ್ತು. ಮೇಲಾಗಿ ಅದರಲ್ಲಿ ನಾಲ್ಕು ಕೋರ್, ಅಂದರೆ ಒಟ್ಟಿಗೇ ದುಡಿಯುವ ನಾಲ್ಕು ಮಿದುಳು. ಕೆಲಸ ಹಂಚಿಕೊಳ್ಳುವಂತೆ ಪ್ರೋಗ್ರಾಮನ್ನು ನಾನು ಮೊದಲೇ ಬರೆದಿದ್ದೆ, ಹಂಚಿಕೊಳ್ಳಲು ಹಳೆಯದರಲ್ಲಿ ಎರಡನೆಯ ಕೋರೇ ಇರಲಿಲ್ಲ.

ಆ ಭಾನುವಾರ ಕಂಪ್ಯೂಟರ್ ಕುದುರೆ ತಿನ್ನಲಿಲ್ಲ. ತಾತ ಸೋತರು. ಮುಂದಿನ ಎರಡು ವಾರವೂ ಸೋತರು.

"ಪ್ರೋಗ್ರಾಂ ಏನಾರ ತಿದ್ದಿದ್ಯೇನವ್ವಾ?"

"ಇಲ್ಲ ತಾತ, ಒಂದಕ್ಷರಾನೂ ಮುಟ್ಟಿಲ್ಲ."

ಮಾತು ನಿಜವೇ. ಡಬ್ಬದೊಳಗಿನದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಜೀವಮಾನವಿಡೀ ಲೇತ್ ನಡೆಸಿದವರು. ಬಿಡಿಭಾಗದ ಡ್ರಾಯಿಂಗ್ ಅದೇ, ಕಡೆಯುವ ಲೇತ್ ಬೇರೆ ಎಂದಿದ್ದರೆ ತಟ್ಟನೆ ಅರ್ಥ ಮಾಡಿಕೊಳ್ಳುತ್ತಿದ್ದರು. ನನಗೆ ಗೆದ್ದ ಅಮಲು.

"ಅಂಗಾದ್ರೆ ನನ್ ತಲೇನೇ ಓಯ್ತು ಬುಡು" ಎಂದು ಬೋರ್ಡ್ ಮಡಚಿ ನನ್ನ ಕೈಗಿತ್ತರು. "ಇನ್ ನಂಗ್ಯಾಕೆ, ನೀನೇ ಇಟ್ಕೋ."

ಅದೇ ವಾರ ಸ್ಕೂಟರಿನ ಕೀಯನ್ನು ಮಗನಿಗೆ ಒಪ್ಪಿಸಿದರು. ಅರಳಿಕಟ್ಟೆಯಲ್ಲಿ ಗೆಳೆಯರೊಂದಿಗೆ ಆಡುತ್ತಿದ್ದುದನ್ನೂ ಬಿಟ್ಟರು. ಸೊಸೆ ಏನಾದರೂ ಕೇಳಿದರೆ, "ನನ್ನೇನ್ ಕೇಳೀಯೆ, ನಂಗೆ ಮರೆವು" ಎನ್ನುವುದು ಮೇಲಿನ ನಮ್ಮ ಮನೆಯವರೆಗೂ ಕೇಳಿಸುತ್ತಿತ್ತು. ಪರೀಕ್ಷೆ ಮುಗಿಯಲಿ, ಹೇಳೋಣ ಅಂದುಕೊಂಡೆ. ಆಮೇಲೆ ಕೆಲಸ ಸಿಗಲಿ ಅಂದುಕೊಂಡೆ. ಅಷ್ಟರಲ್ಲಿ ನಾವು ಹೆಬ್ಬಾಳಕ್ಕೆ ಮನೆ ಬದಲಾಯಿಸಿದೆವು. ಎಷ್ಟು ದೂರ ಅದು, ಒಂದು ಬಸ್ಸು. ನಾನು ಹೋಗಲಿಲ್ಲ.

ಮೂರು ವರ್ಷದ ಮೇಲೆ ತಾತ ತೀರಿಕೊಂಡಾಗ ತಿಥಿಗೆ ಹೋದೆ. ಮಗ ನನ್ನನ್ನು ಪಕ್ಕಕ್ಕೆ ಕೂರಿಸಿಕೊಂಡು ಹೇಳಿದರು:

"ನಾನವತ್ತೇ ಅಂದಿದ್ದೆ ಕಣಮ್ಮ, ಆ ಹುಡ್ಗಿ ಒಳಗೆ ಮಿಷನ್ ಏನೋ ಬದಲಾಯ್ಸಿರ್ತಾಳೆ ಅಂತ. ಅಪ್ಪ ನನ್ ಮೇಲೇ ರೇಗಿದ್ರು. ಆ ಮಗು ಸುಳ್ಳೇಳಕಿಲ್ಲ ಅಂದ್ಬುಟ್ರು."

ಅವರಿಗೂ ನಾನು ನಿಜ ಹೇಳಲಿಲ್ಲ. ಎಲೆ ಹಾಕಿದರು. ಉಂಡು ಬಂದೆ.