ನಾರಿಲ್ಲದ ಮನೆ

ಆ ಸೋಮವಾರ ಬೆಳಿಗ್ಗೆ ನಡುಮನೆಯಲ್ಲಿ ನಾವು ಮೂವರಿದ್ದೆವು. ಮರಿಯನ್ನೂ ಸೇರಿಸಿಕೊಂಡರೆ ನಾಲ್ವರು. ದೊಡ್ಡಮ್ಮ ಸ್ನಾನ ಮುಗಿಸಿ, ಹಣೆತುಂಬ ವಿಭೂತಿ ಇಟ್ಟುಕೊಂಡು, ಹೊಳೆ ಉಕ್ಕಿದಾಗ ಜಗಲಿ ಏರಿ ಕೂತವರ ಹಾಗೆ ಬೆಂಚಿನ ಮೇಲೆ ಕಾಲೆತ್ತಿಕೊಂಡು ಕೂತಿದ್ದರು. ನನ್ನ ಹೆಂಡತಿಯ ಕೈಯಲ್ಲಿ ಫಿನಾಯಿಲ್ ಬಾಟಲಿ. ನಾನು ಮಂಡಿಯೂರಿ ಹಳೇ ಗೋಣಿತಾಟಿನಲ್ಲಿ ನೆಲ ಒರೆಸುತ್ತಿದ್ದೆ. ಇಷ್ಟಕ್ಕೆಲ್ಲ ಕಾರಣವಾದ ನಾಯಿಮರಿ ಕೊಬ್ಬರಿ ಚೀಲಗಳ ಸಂದಿಯಿಂದ ಮೂತಿ ಹೊರಗಿಟ್ಟು, ಏನೋ ಒಳ್ಳೇ ಕೆಲಸ ಮಾಡಿಕೊಟ್ಟವರಂತೆ ಬಾಲ ಆಡಿಸುತ್ತಿತ್ತು. ದೇವರ ಮನೆ ಬಾಗಿಲಿನ ಕಾಲೊರಸು ತೊಪ್ಪೆಯಾಗಿತ್ತು.

"ಲೇ, ನಾಯಿ ಇರೋದು ಮನೆ ಕಾಯಕ್ಕೆ ಕಣ್ಲಾ, ಮನೆಯೋರು ನಾಯಿ ಕಾಯಕ್ಕಲ್ಲ" ಎಂದರು ದೊಡ್ಡಮ್ಮ. "ಬರೋ ಸೋಮವಾರ ಬೆಳಿಗ್ಗೆ ನಾನು ಇದೇ ನೆಲದ ಮೇಲೆ ಒಣಗಾಲಲ್ಲಿ ನಡ್ದು ದೇವ್ರ ಮನೆಗೆ ಹೋಗ್ಬೇಕು. ಇಲ್ದಿದ್ರೆ ಇದು ಹೊರಗೆ, ಕಂಬಕ್ಕೆ. ಅಷ್ಟೇಯ."

ದೊಡ್ಡಮ್ಮ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ನನ್ನನ್ನು ಸಾಕಿದವರು. ಮಾತು ಕಲಿತದ್ದೂ ಅವರಿಂದಲೇ. ಅದಕ್ಕೇ ಇರಬೇಕು, ಅವರೆದುರು ನನ್ನ ಮಾತು ಯಾವತ್ತೂ ಗೆದ್ದಿಲ್ಲ.

ಕಂಬ ಎಂದ ಕೂಡಲೇ ಹೆಂಡತಿಯ ಮುಖ ಬಿಳಿಚಿಕೊಂಡಿತು. ಹೊರಗೆ ದನದ ಹಟ್ಟಿಯ ಆ ಕಂಬದ ಮೊಳೆಯಲ್ಲಿ ಇನ್ನೂ ಒಂದು ಸರಪಳಿ ನೇತಾಡುತ್ತಿತ್ತು. ನಮ್ಮ ಹಿಂದಿನ ನಾಯಿಯದು. ತೋಟದಲ್ಲಿ ಒಂಟಿ ಮನೆ ನಮ್ಮದು, ತುರುವೇಕೆರೆಯಿಂದ ಮಾಯಸಂದ್ರದ ಕಡೆಗೆ ಸ್ವಲ್ಪ ಒಳಕ್ಕೆ. ಚಿರತೆ ಬಂದು ಹೋದ ಬೆಳಿಗ್ಗೆ ಕಂಬದ ಹತ್ತಿರ ಉಳಿದದ್ದು ಆ ಸರಪಳಿ, ಅದರ ತುದಿಗೆ ಕೊರಳಪಟ್ಟಿ. ಮೊದಲು ನೋಡಿದವಳು ನನ್ನ ಹೆಂಡತಿ. ಆಮೇಲೆ ನಾಯಿಯ ಮಾತೇ ಬೇಡ ಅಂದಿದ್ದವಳು, ಕಿಬ್ಬನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಟೀ ಅಂಗಡಿಯ ಬೆಂಚಿನಡಿ ನಡುಗುತ್ತಿದ್ದ ಈ ಮರಿಯನ್ನು ತರಕಾರಿ ಚೀಲಕ್ಕೆ ಹಾಕಿಕೊಂಡು ಬಂದುಬಿಟ್ಟಳು. ಹೆಸರಿಡೋಣ ಅಂದರೆ ದೊಡ್ಡಮ್ಮ ಬಿಡಲಿಲ್ಲ. "ಹೆಸರಿಟ್ರೆ ಉಳ್ಕೊಂಬುಡ್ತೈತೆ ಕಣಪ್ಪ." ಹಾಗಾಗಿ ಅದು ಮರಿ ಅಂತಲೇ ಆಯಿತು.

ಒಟ್ಟಿನಲ್ಲಿ, ಮರಿ ರಾತ್ರಿ ಮನೆಯೊಳಗೆ ಶುಚಿಯಾಗಿದ್ದರೆ ಬದುಕಿತು, ಇಲ್ಲದಿದ್ದರೆ ಕಂಬ. ಅಷ್ಟು ಸರಳ. ಆದರೆ ಇದನ್ನು ಮರಿಗೆ ಹೇಳುವವರು ಯಾರು?

ನಾನು ಮೊಬೈಲಿನ ಮೊರೆಹೋದೆ. ಅದರಲ್ಲಿ ಒಬ್ಬ ಪುಣ್ಯಾತ್ಮ, ಹುಲ್ಲುಹಾಸಿನ ಮೇಲೆ ನಿಂತು, ರಾತ್ರಿ ಎರಡೆರಡು ಸಲ ಎದ್ದು ಮರಿಯನ್ನು ಹೊರಗೆ ಕರೆದೊಯ್ಯಿರಿ ಎಂದು ನಗುನಗುತ್ತ ಹೇಳುತ್ತಾನೆ. ಅವನ ಹಿತ್ತಿಲಲ್ಲಿ ಚಿರತೆ ಇಲ್ಲ. ನಮ್ಮಲ್ಲಿ ಕತ್ತಲಾದ ಮೇಲೆ ಹಿಂಬಾಗಿಲ ಅಗಳಿ ಹಾಕಿದರೆ ಬೆಳಕು ಹರಿಯುವ ತನಕ ಮನುಷ್ಯರೇ ತೆಗೆಯುವುದಿಲ್ಲ. ಸರಿ, ಸಂಜೆಯಾದ ಮೇಲೆ ನೀರು ಕೊಡಬೇಡಿ ಅಂದ. ಕೊಡಲಿಲ್ಲ; ಮರಿ ಹೋಗಿ ದೇವರ ಮುಂದಿನ ತೀರ್ಥದ ಬಟ್ಟಲು ನೆಕ್ಕಿತು. ಕಾಗದ ಹಾಸಿ ಅಂದ. ಹಾಸಿದೆ, ಮರಿ ಅದನ್ನು ಚೂರುಚೂರು ಮಾಡಿ ನಡುಮನೆಗೆಲ್ಲ ಹರಡಿ, ಆಮೇಲೆ ಬೇರೆ ಕಡೆ ಹೋಗಿ ತನ್ನ ಕೆಲಸ ಮಾಡಿತು. ಮಲಗುವ ಜಾಗವನ್ನು ಯಾವ ನಾಯಿಯೂ ಹೊಲಸು ಮಾಡಿಕೊಳ್ಳುವುದಿಲ್ಲ, ಪೆಟ್ಟಿಗೆಯೊಳಗೆ ಮೆತ್ತನೆ ಹಾಸಿಗೆ ಮಾಡಿಕೊಡಿ ಅಂದ. ಹಣ್ಣಿನ ಪೆಟ್ಟಿಗೆ ತಂದು, ಒಳ್ಳೇ ತೆಂಗಿನ ನಾರನ್ನು ಕೈಯಾರೆ ಬಿಡಿಸಿ, ಬಾಣಂತಿ ಮಗುವಿಗೆ ಹಾಸಿದ ಹಾಗೆ ಹಾಸಿದೆ. ಬೆಳಿಗ್ಗೆ ಹಾಸಿಗೆಯೆಲ್ಲ ಒದ್ದೆ. ಮರಿ ಪೆಟ್ಟಿಗೆಯ ಹೊರಗೆ, ಒಣ ನೆಲದ ಮೇಲೆ ಹಾಯಾಗಿ ನಿದ್ದೆ ಹೊಡೆಯುತ್ತಿತ್ತು!

"ಹೊಸ್ದ್ರಾಗೆ ಅಗಸ ಗೋಣಿ ಎತ್ತೆತ್ತಿ ಒಗೆದ್ನಂತೆ" ಎಂದರು ದೊಡ್ಡಮ್ಮ. "ಇನ್ನೂ ಏನೇನೈತೆ ನಿನ್ನ ಮೊಬೈಲ್ನಾಗೆ?"

ಬೈದರೆ ಬಾಲ ಆಡಿಸುತ್ತದೆ. ಗದರಿದರೆ ಅಂಗಾತ ಮಲಗಿ ಹೊಟ್ಟೆ ತೋರಿಸುತ್ತದೆ. ಒಂದು ಸಂಜೆಯಂತೂ ಅಂಗಳದ ಮರಳಿನ ಮೇಲೆ ಅದನ್ನು ನಿಲ್ಲಿಸಿಕೊಂಡು, ಹೊತ್ತು ಮುಳುಗುವವರೆಗೂ ಕಾದೆ. ಅದು ಇರುವೆ ನೋಡಿತು, ನನ್ನ ಚಪ್ಪಲಿ ಕಚ್ಚಿತು, ಆಕಳಿಸಿತು. ಒಂದು ತೊಟ್ಟು ಬಿಡಲಿಲ್ಲ. ಒಳಗೆ ಬಂದದ್ದೇ ತಡ, ಸೀದಾ ನನ್ನ ಹಾಸಿಗೆ. ಅದೂ ನಾರಿನ ಹಾಸಿಗೆ. ಆವತ್ತು ನನ್ನ ಬಾಯಿಂದ ಬಂದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ. ದೊಡ್ಡಮ್ಮ ಕಲಿಸಿದವು.

ಶನಿವಾರ ಕಾಯಿ ಸುಲಿಯುವವರು ಬಂದರು. ಅಟ್ಟದ ಮೇಲೆ ತಿಂಗಳುಗಟ್ಟಲೆ ಒಣಗಿದ ಕಾಯಿ ಕೆಳಗಿಳಿಸಿ, ಸುಲಿಗೋಲಿಗೆ ಹೊಡೆದು ಹೊಡೆದು ಅಂಗಳದಲ್ಲಿ ಕಾಯಿಮಟ್ಟೆಯ ಗುಡ್ಡೆ ಹಾಕಿದರು. ಮರಿ ಅದನ್ನು ಕಂಡಿತು ನೋಡಿ, ನನ್ನ ಕೈಯಿಂದ ಜಿಗಿದು ಓಡಿ, ಗುಡ್ಡೆ ಹತ್ತಿ, ಎಲ್ಲರೆದುರಿಗೇ ಕೂತುಬಿಟ್ಟಿತು. ಎಷ್ಟೋ ಹೊತ್ತಿನ ಋಣ ತೀರಿಸಿಕೊಂಡಂತೆ ಕಣ್ಣು ಮುಚ್ಚಿತ್ತು. ನಾನೂ ಹೆಂಡತಿಯೂ ಮುಖಮುಖ ನೋಡಿಕೊಂಡೆವು.

"ರೀ, ನಾರು ಕಣ್ರೀ" ಎಂದಳು ಅವಳು.

ಮರಿ ಬಂದ ಮೊದಲ ದಿನಗಳಲ್ಲಿ ಅದನ್ನು ಒಳಜಗಲಿಯ ಬುಟ್ಟಿಯಲ್ಲಿ ಇಟ್ಟಿದ್ದೆವು. ಒದ್ದೆ ಹೀರಲಿ ಅಂತ ಬುಟ್ಟಿತುಂಬ ನಾರು. ಒದ್ದೆಯಾದರೆ ತೆಗೆದುಹಾಕಿ ಹೊಸ ನಾರು. ಹೋಗುವುದಿದ್ದರೆ ನಾರಿನ ಮೇಲೇ ಹೋಗಬೇಕು ಅಂತ ನಾವೇ ಅಕ್ಕರೆಯಿಂದ ಪಾಠ ಹೇಳಿಕೊಟ್ಟು, ಮರಿ ಅದನ್ನು ಒಪ್ಪವಾಗಿ ಕಲಿತಾದ ಮೇಲೆ ಬೈಯುತ್ತ ಕೂತಿದ್ದೆವು! ಕಾಲೊರಸು ನಾರು, ಪೆಟ್ಟಿಗೆಯ ಹಾಸು ನಾರು, ನನ್ನ ಹಾಸಿಗೆ ನಾರು.

ಆಯಿತು, ಮನೆಯಿಂದ ನಾರು ತೆಗೆಯೋಣ ಎಂದು ಹೊರಟೆವು. ಹೇಳುವುದು ಸುಲಭ ಸ್ವಾಮಿ. ತಿಪಟೂರು ಸೀಮೆಯಲ್ಲಿ ಮನೆಯಿಂದ ನಾರು ತೆಗೆಯುವುದೆಂದರೆ ಸಮುದ್ರದಿಂದ ಉಪ್ಪನ್ನೆಲ್ಲ ತೆಗೆದ ಹಾಗೆ. ಕಾಲೊರಸುಗಳೆಲ್ಲ ಹೊರಗೆ. ಹಗ್ಗದ ಸಿಂಬೆಗಳು ಹೊರಗೆ. ಪಾತ್ರೆ ಉಜ್ಜುವ ನಾರಿನ ಉಂಡೆ ಹೊರಗೆ. ನಾನು ಹಾಸಿಗೆ ಹೊತ್ತು ಹಟ್ಟಿಗೆ ಹಾಕಿ, ಭಾನುವಾರ ಬರೀ ಚಾಪೆಯ ಮೇಲೆ ಬಿದ್ದುಕೊಂಡೆ. ಸೊಂಟ ಹಿಡಿಯಿತು. ಕತ್ತಲಾಗುವ ಮುಂಚೆ ಹೆಂಡತಿ ಮರಿಯನ್ನು ಮಟ್ಟೆಯ ಗುಡ್ಡೆಗೆ ಕರೆದುಕೊಂಡು ಹೋಗಿ ಬಂದಳು, ಅಗಳಿ ಹಾಕಿದಳು, ದೇವರಿಗೆ ಕೈಮುಗಿದಳು.

ಸೋಮವಾರ ಬೆಳಿಗ್ಗೆ ನಾನೇ ಮೊದಲೆದ್ದೆ ಅಂದುಕೊಂಡು ಮಂಡಿಯೂರಿ ನಡುಮನೆಯನ್ನೆಲ್ಲ ಮೂಸಿ ನೋಡಿದೆ. ಒಣ. ಚೀಲಗಳ ಸಂದಿ ಒಣ. ದೇವರ ಮನೆಯ ಹೊಸ್ತಿಲು ಒಣ. ಗೆದ್ದೆ ಅನ್ನುವಷ್ಟರಲ್ಲಿ ಬಚ್ಚಲಿಂದ ದೊಡ್ಡಮ್ಮನ ದನಿ: "ಬಾ ಇಲ್ಲಿ. ನೋಡು ನಿನ್ನ ಮಗ ಮಾಡಿರೋ ಘನಂದಾರಿ ಕೆಲ್ಸಾನ."

ಓಡಿದೆ. ಸ್ನಾನದ ಹಂಡೆಯ ಒಲೆಗೆ ಹಾಕಲು ಮಟ್ಟೆ ಬಚ್ಚಲಲ್ಲೇ ರಾಶಿ ಇರುತ್ತದೆ. ಉರುವಲನ್ನು ನಾರು ಅಂತ ಯಾರು ಲೆಕ್ಕ ಹಾಕುತ್ತಾರೆ? ಮನೆಯಲ್ಲಿ ಉಳಿದಿದ್ದ ಆ ನಾರನ್ನು ಮರಿ ರಾತ್ರಿ ಹುಡುಕಿಕೊಂಡು ಹೋಗಿ, ರಾಶಿಯಿಂದ ಉರುಳಿ ಮೋರಿಯ ಪಕ್ಕಕ್ಕೆ ಬಿದ್ದಿದ್ದ ಒಂದು ಮಟ್ಟೆಯನ್ನು ಒದ್ದೆ ಮಾಡಿತ್ತು. ಹೆಂಡತಿ ನನ್ನ ಹಿಂದೆ ಬಂದು ನಿಂತಳು. ಮರಿಯನ್ನು ಎತ್ತಿಕೊಂಡಳು. ಅವಳ ಕಣ್ಣಲ್ಲಿ ನೀರು.

"ಅತ್ತೆ, ಇನ್ನೊಂದೇ ಒಂದು ವಾರ..."

"ಯಾಕವ್ವ ಅಳ್ತೀಯ?" ಎಂದರು ದೊಡ್ಡಮ್ಮ. "ಬಚ್ಚಲು ಇರೋದು ಇನ್ನೇತಕ್ಕೆ? ನಿನ್ನ ಗಂಡ ಮೀಸೆ ಬರೋಗಂಟ ಕತ್ಲೇಲಿ ಹಿತ್ತಿಲಿಗೆ ಹೋಗಕ್ಕೆ ಹೆದ್ರಿ ಇಲ್ಲೇ ಬತ್ತಿದ್ದ. ಅವನನ್ನೇನು ನಾನು ಕಂಬಕ್ಕೆ ಕಟ್ಟಿದ್ನಾ?"

"ದೊಡ್ಡಮ್ಮಾ!"

"ಸುಮ್ಕಿರಲಾ. ಒಲೆಗೆ ಹಾಕೋ ಮಟ್ಟೆ ಎತ್ತರದ ಮ್ಯಾಲಿಡು. ಒಂದೆರಡು ಮೋರಿ ಹತ್ರ ಬುಡು. ಅದ್ರ ಪಾಡಿಗೆ ಅದು ಹೋಗ್ತೈತೆ."

ದೊಡ್ಡಮ್ಮ ಮೋರಿಗೆ ಎರಡು ಚೊಂಬು ನೀರು ಸುರಿದು, ಕಾಲು ಒರೆಸಿಕೊಂಡು, ಒಣಗಾಲಲ್ಲಿ ನಡುಮನೆ ದಾಟಿ ದೇವರ ಮನೆಗೆ ಹೋದರು. ಅಷ್ಟು ದಿನ ನೆಲ ಒರೆಸಿ ಒರೆಸಿ ಮಂಡಿ ಕಿತ್ತುಕೊಂಡ ನನಗೆ ಸಂತೋಷಪಡಬೇಕೋ ತಲೆ ಚಚ್ಚಿಕೊಳ್ಳಬೇಕೋ ತಿಳಿಯಲಿಲ್ಲ. ಈ ಒಂದು ಮಾತನ್ನು ಹಿಂದಿನ ಸೋಮವಾರವೇ ಹೇಳಿದ್ದರೆ ಆಗುತ್ತಿರಲಿಲ್ಲವೇ? ಕೇಳಿದ್ದಕ್ಕೆ, "ನೀನೆಲ್ಲಿ ನನ್ನ ಕೇಳ್ದೆ? ಮೊಬೈಲ್ ಕೇಳ್ತಾ ಇದ್ದೆ" ಅಂದರು.

ಮರಿ ಈಗಲೂ ರಾತ್ರಿ ಬಚ್ಚಲಿಗೇ ಹೋಗುತ್ತದೆ. ಆಗಾಗ ಮರೆತು ಮಟ್ಟೆ ಕೆಳಗೇ ಬಿಟ್ಟರೆ, ಬೆಳಿಗ್ಗೆ ಹಂಡೆ ಒಲೆಯ ಹೊಗೆಯ ವಾಸನೆಯಲ್ಲಿ ಅದರ ಗುರುತು ಸಿಗುತ್ತದೆ. ನನ್ನ ಹಾಸಿಗೆ ಇನ್ನೂ ಒಳಗೆ ಬಂದಿಲ್ಲ.

ಸ್ವಲ್ಪ ದಿನದ ಮೇಲೆ ಗುಜರಿಯವನು ಬಂದ. ದೊಡ್ಡಮ್ಮ ಹಟ್ಟಿಗೆ ಹೋಗಿ, ಕಂಬದ ಮೊಳೆಯಿಂದ ಆ ಸರಪಳಿ ಬಿಚ್ಚಿ ತಂದು ಅವನಿಗೆ ಹಾಕಿದರು. ಬದಲಿಗೆ ಒಂದು ಪ್ಲಾಸ್ಟಿಕ್ ಚೊಂಬು ತೆಗೆದುಕೊಂಡು, ಬಚ್ಚಲ ಮೋರಿಯ ಹತ್ತಿರ ಇಟ್ಟರು.