ಆರುನೂರಾ ಹದಿಮೂರರ ಶೇಷ

ವಾಡಿಯ ರೈಲ್ವೆ ಪಾರ್ಸಲ್ ಆಫೀಸಿನಿಂದ ನಿವೃತ್ತರಾದ ಮೇಲೆ ನಿಮ್ಮ ಅಜ್ಜ ಒಂದು ಸಂಖ್ಯೆಯ ಬೆನ್ನು ಹತ್ತಿದರು. ಹತ್ತು ಲಕ್ಷದ ಮೂರು. ಅದು ಅವಿಭಾಜ್ಯ ಎಂದು ಕೈಲೆಕ್ಕದಿಂದಲೇ ತೋರಿಸಬೇಕೆಂಬ ಹಟ. ಹನ್ನೆರಡು ಶಹಾಬಾದ್ ಪರಸಿ ಕಲ್ಲುಗಳಿದ್ದರೆ ಮೂರು ಸಮ ಸಾಲು ಹಾಸಬಹುದು. ಹದಿಮೂರಿದ್ದರೆ ಒಂದೇ ಉದ್ದ ಸಾಲು. ಬೇರೆ ಹೇಗೆ ಹಾಸಿದರೂ ಸಮ ಬರುವುದಿಲ್ಲ. ಅವಿಭಾಜ್ಯವೆಂದರೆ ಅಷ್ಟೆ.

ಹತ್ತು ಲಕ್ಷದ ಒಂದು, ನೂರಾ ಒಂದರಿಂದ ಭಾಗವಾಗಿಬಿಟ್ಟಿತ್ತು. ಇದು ಮಾತ್ರ ಜಗ್ಗಲಿಲ್ಲ. ಸಾವಿರದೊಳಗಿನ ಅವಿಭಾಜ್ಯಗಳಿಂದ ಭಾಗಿಸಿ ನೋಡಿದರೆ ಸಾಕು, ದೊಡ್ಡದೊಂದು ಭಾಗಿಸುವುದಾದರೆ ಅದರ ಜೊತೆಯ ಸಣ್ಣದು ಮೊದಲೇ ಸಿಕ್ಕಿರುತ್ತದೆ ಎಂದು ಅವರೇ ನನಗೆ ತಿಳಿಸಿ ಹೇಳಿದರು. ಅಂಥವು ನೂರಾ ಅರವತ್ತೆಂಟು.

ನಿಮ್ಮ ಅಜ್ಜಿ ನಾನು ರಾವೂರಿನಲ್ಲಿ ಏಳನೇ ಇಯತ್ತೆ ಓದಿದವಳು. ಅವರು ವಹಿಯಲ್ಲಿ ಭಾಗಿಸುತ್ತಿದ್ದರು. ನಾನು ಪಾಟಿಯ ಮೇಲೆ ತಿರುಗಿ ಗುಣಿಸಿ, ಶೇಷ ಕೂಡಿಸಿ ತಾಳೆ ನೋಡುತ್ತಿದ್ದೆ.

"ಕೂಡ್ತೇನು?"

"ಕೂಡ್ತರಿ."

ಕೆಲವು ದಿನ ನಮ್ಮಿಬ್ಬರ ನಡುವೆ ಆದ ಮಾತು ಇಷ್ಟೇ. ನಾನು ಹೇಳುವತನಕ ಅವರು ಮುಂದಿನದಕ್ಕೆ ಕೈ ಹಚ್ಚುತ್ತಿರಲಿಲ್ಲ.

ಐನೂರಾ ನಲವತ್ತೊಂದು ಮುಗಿಸಿದ ವಾರ ಅವರು ತೀರಿಕೊಂಡರು. ನೂರು ಆಗಿದ್ದವು, ಅರವತ್ತೆಂಟು ಉಳಿದಿದ್ದವು. ಮೂರು ತಿಂಗಳು ಬಿಟ್ಟು ನಾನೇ ವಹಿ ತೆಗೆದೆ. ಪಕ್ಕದ ಮನೆಯಾಕೆ ಮೊಸರಿಗೆ ಹೆಪ್ಪು ಕೇಳಲು ಬಂದವಳು ನೋಡಿ, "ವೈನಿ, ಈ ವಯಸ್ಸಿನಾಗ ಲೆಕ್ಕ ಮಾಡ್ಲಿಕತ್ತೀರಲ್ಲ, ಮಾರ್ಕ್ಸ್ ಯಾರು ಕೊಡ್ತಾರ್ರಿ?" ಎಂದಳು. ನಾನು ನಕ್ಕು ವಹಿಯ ಮೇಲೆ ಸೆರಗು ಎಳೆದುಕೊಂಡೆ.

ಆರುನೂರಾ ಹದಿಮೂರಕ್ಕೆ ಬಂದಾಗ ಶೇಷ ಸೊನ್ನೆ ಬಂತು.

ಅಂದರೆ ಅದು ಅವಿಭಾಜ್ಯವೇ ಅಲ್ಲ. "ಇದು ಯಾರ ಕೈಗೂ ಸಿಗೂದಲ್ಲ" ಎಂದು ಅವರು ಎಷ್ಟು ಸಲ ಹೇಳಿದ್ದರು. ಫೋನ್ ಮಾಡಿ ಕೇಳಿದ್ದರೆ ಮೊಮ್ಮಕ್ಕಳು ನೀವು ಒಂದು ಕ್ಷಣದಲ್ಲಿ ಹೇಳುತ್ತಿದ್ದಿರಿ. ಕೇಳಲಿಲ್ಲ. ಅಜ್ಜ ಎರಡು ವರ್ಷ ಸುಳ್ಳು ನಂಬಿಕೊಂಡು ಕುಳಿತಿದ್ದರು ಎಂದು ನಿಮ್ಮ ಮುಂದೆ ಬಯಲಾಗುವುದು ನನಗೆ ಬೇಡವಾಗಿತ್ತು. ನಾಲ್ಕು ದಿನ ವಹಿ ಮುಟ್ಟಲಿಲ್ಲ. ಅವರ ಮೇಲೆ ಸಿಟ್ಟೂ ಬಂತು. ಹೋದವರ ಮೇಲೆ ಸಿಟ್ಟು ಬಂದರೆ ಅದನ್ನು ಯಾರ ಹತ್ತಿರ ಹೇಳುವುದು?

ಐದನೆಯ ದಿನ ಅಕ್ಕಿ ಆರಿಸುವಾಗ ತಿಳಿಯಿತು: ಅವರು ಹೋದ ಮೇಲೆ ನಾನು ಅವರ ಕೆಲಸ ಮಾಡುತ್ತಿದ್ದೆ, ನನ್ನದನ್ನು ಬಿಟ್ಟಿದ್ದೆ. ಕೇಳುವವರಿಲ್ಲವೆಂದು ಒಂದಕ್ಕೂ ತಾಳೆ ನೋಡಿರಲಿಲ್ಲ.

ಪಾಟಿ ಒರೆಸಿ ಗುಣಿಸಿದೆ. ಒಂಬತ್ತು ಲಕ್ಷದ ತೊಂಬತ್ತೊಂಬತ್ತು ಸಾವಿರದ ಎಂಟುನೂರಾ ಮೂರು. ಇನ್ನೂರು ಕಡಿಮೆ. ಹುಡುಕಿದರೆ, ಸಾವಿರದ ಒಂಬೈನೂರಾ ಇಪ್ಪತ್ತರಲ್ಲಿ ಸಾವಿರದ ಎಂಟುನೂರಾ ಮೂವತ್ತೊಂಬತ್ತು ಕಳೆದು, ಎಂಬತ್ತೊಂದು ಬರೆಯುವಲ್ಲಿ ಅರವತ್ತೊಂದು ಬರೆದಿದ್ದೆ. ಶೇಷ ಸೊನ್ನೆಯಲ್ಲ, ಇನ್ನೂರು. ತಪ್ಪು ನನ್ನದೆಂದು ತಿಳಿದಾಗ ಆದಷ್ಟು ಹಗುರ ಬೇರೆ ಎಂದೂ ಆಗಿಲ್ಲ.

ಮೊದಲು ಮಾಡಿದ್ದನ್ನೆಲ್ಲ ತಿರುಗಿ ತಾಳೆ ನೋಡಿ ಮುಂದುವರಿಸಿದೆ. ಕೊನೆಯದು ಒಂಬೈನೂರಾ ತೊಂಬತ್ತೇಳು, ಶೇಷ ಹನ್ನೆರಡು. ಗುಣಿಸಿದೆ, ಕೂಡಿಸಿದೆ, ಸರಿ ಬಂತು. ಅವರ ಅಕ್ಷರದ ಕೆಳಗೆ ನನ್ನ ಅಕ್ಷರದಲ್ಲಿ ಅವಿಭಾಜ್ಯ ಎಂದು ಬರೆದೆ.

ಆಗಿನ್ನೂ ಮಧ್ಯಾಹ್ನ ಮೂರು ಹೊಡೆದಿರಲಿಲ್ಲ. ಚಹಾದ ಹೊತ್ತಾಗಲು ಬಹಳ ಸಮಯವಿತ್ತು, ಮಾಡಲು ಲೆಕ್ಕ ಉಳಿದಿರಲಿಲ್ಲ.